ಬ್ರಿಜೇಶ್ ಚೌಟ

ಕ್ಯಾಪ್ಟನ್ ಬ್ರಿಜೇಶ್ ಚೌಟ: ದಕ್ಷಿಣ ಕನ್ನಡ ಕ್ಷೇತ್ರದ ಲೋಕಸಭಾ ಸದಸ್ಯರು, ಭಾರತೀಯ ಜನತಾ ಪಕ್ಷದ ರಾಜಕಾರಣಿ, ಮಾಜಿ ಸೇನಾಧಿಕಾರಿ. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನಲ್ಲಿ ಓದಿ ಭೂಸೇನೆಯ 8ನೇ ಗೂರ್ಖಾ ರೈಫಲ್ಸ್ ಸೇರಿದರು. ಅಸ್ಸಾಂನಲ್ಲೂ ಮ್ಯಾನ್ಮಾರ್ ಗಡಿಗೆ ಹೊಂದಿಕೊಂಡ ಮಣಿಪುರದಲ್ಲೂ ಸೇವೆ ಸಲ್ಲಿಸಿ, ಕ್ಯಾಪ್ಟನ್ ಹುದ್ದೆಯಲ್ಲಿದ್ದಾಗ ಸೇನೆ ಬಿಟ್ಟು ಊರಿಗೆ ಮರಳಿದರು.

ಕರಾವಳಿಯಲ್ಲಿ ಅವರನ್ನು ಮನೆಮಾತಾಗಿಸಿದ್ದು ಪಕ್ಷದ ಹುದ್ದೆಗಳಿಗಿಂತ ಹೆಚ್ಚಾಗಿ ಕಂಬಳವೆನ್ನಬೇಕು. ಬಂಗ್ರಕೂಳೂರಿನ ಗೋಲ್ಡ್ ಫಿಂಚ್ ಸಿಟಿಯಲ್ಲಿ ನಡೆಯುವ ರಾಮ–ಲಕ್ಷ್ಮಣ ಜೋಡುಕರೆ ಕಂಬಳದ ಸಾರಥ್ಯ ಅವರದು. ಅಕ್ಕಪಕ್ಕದ ಎರಡು ಕೆಸರಿನ ಕರೆಗಳಲ್ಲಿ (ಓಟದ ಹಾದಿಗಳಲ್ಲಿ) ಕೋಣಗಳು ನೀರು ಚಿಮ್ಮಿಸುತ್ತ ಓಡುವ ಈ ಕೂಟ ಹಳ್ಳಿಯ ಗದ್ದೆಯ ಆಟವನ್ನು ನಗರದ ನಡುವೆಯೇ ತಂದಿತು. ಮಂಗಳೂರು ಸಾಹಿತ್ಯೋತ್ಸವದ ಹಿಂದೆಯೂ ಅವರ ದುಡಿಮೆಯಿದೆ.

2024ರಲ್ಲಿ ಪಕ್ಷವು ಮೂರು ಬಾರಿ ಗೆದ್ದಿದ್ದ ನಳಿನ್ ಕುಮಾರ್ ಕಟೀಲ್ ಅವರ ಬದಲು ಚೌಟರಿಗೆ ಟಿಕೆಟ್ ನೀಡಿತು. 1991ರಿಂದಲೂ ಬಿಜೆಪಿ ಕೈಯಲ್ಲಿದ್ದ ಕ್ಷೇತ್ರವಾದರೂ ಹೊಸಬರಿಗೆ ಇದು ದೊಡ್ಡ ಪರೀಕ್ಷೆಯೇ. ಕಾಂಗ್ರೆಸ್ಸಿನ ಪದ್ಮರಾಜ್ ಆರ್. ಪೂಜಾರಿ ಅವರನ್ನು 1,49,208 ಮತಗಳಿಂದ ಸೋಲಿಸಿದರು. ತುಳುವನ್ನು ಸಂವಿಧಾನದ 8ನೇ ಪರಿಚ್ಛೇದಕ್ಕೆ ಸೇರಿಸಬೇಕೆಂಬ ಬೇಡಿಕೆಯನ್ನು ಮುಂದಿಟ್ಟಿದ್ದಾರೆ. ಹೊರಗೆ ನೆಲೆಸಿದ ಕರಾವಳಿಗರು ತವರಿನಲ್ಲಿ ಬಂಡವಾಳ ಹೂಡಲೆಂದು ‘ಬ್ಯಾಕ್ ಟು ಊರು’ ಯೋಜನೆಯನ್ನೂ ಆರಂಭಿಸಿದ್ದಾರೆ.