ಮನೆಯೊಳಗಿನ ಗುಪ್ತ ಚಿತ್ರೀಕರಣ, ಧ್ವನಿಮುದ್ರಣ

ವಾಸದ ಮನೆಯಲ್ಲಿರುವವರಿಗೆ ತಿಳಿಯದಂತೆ ಕ್ಯಾಮೆರಾ, ಮೊಬೈಲ್ ಅಥವಾ ರೆಕಾರ್ಡರ್ ಇಟ್ಟು ಅವರ ಚಿತ್ರವನ್ನೋ ಮಾತನ್ನೋ ಸೆರೆಹಿಡಿಯುವುದು. ಇದನ್ನು ಇಡಿಯಾಗಿ ನಿಷೇಧಿಸುವ ಕಾಯ್ದೆ ಭಾರತದಲ್ಲಿಲ್ಲ. ಏನು ಸೆರೆಯಾಯಿತು ಎಂಬುದರ ಮೇಲೆ ಅಪರಾಧ ನಿರ್ಧಾರವಾಗುತ್ತದೆ.

ಸ್ನಾನಕ್ಕೋ ಶೌಚಕ್ಕೋ ಹೋದ, ಅಥವಾ ಖಾಸಗಿ ಕ್ಷಣದಲ್ಲಿರುವ ಮಹಿಳೆಯನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ. ಹಳೆಯ ದಂಡ ಸಂಹಿತೆಗೆ 2013ರಲ್ಲಿ ಸೇರಿದ 354ಸಿ ಇದರ ಮೂಲ. ಮೊದಲ ಸಲ 1ರಿಂದ 3 ವರ್ಷ, ಪುನರಾವರ್ತಿಸಿದರೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಚಿತ್ರ ತೆಗೆಯಲು ಒಪ್ಪಿದವಳು ಹಂಚಲು ಒಪ್ಪಿರದಿದ್ದರೆ ಹಂಚುವುದೂ ಇದೇ ಅಪರಾಧ. ಗಂಡಸರಿಗೆ ಈ ಕಲಂ ಒದಗುವುದಿಲ್ಲ. ಅವರಿಗಿರುವುದು ಐಟಿ ಕಾಯ್ದೆಯ 66ಇ: ಯಾರದ್ದೇ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೆ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆ ತನ್ನದೆಂಬ ಕಾರಣಕ್ಕೆ ಬಾಡಿಗೆದಾರರ ಬಚ್ಚಲಲ್ಲಿ ಕ್ಯಾಮೆರಾ ಇಟ್ಟ ಮಾಲೀಕನಿಗೆ ವಿನಾಯಿತಿಯಿಲ್ಲ.

ಹಾಲ್‌ನಲ್ಲಿ ಊಟಕ್ಕೆ ಕೂತವರ ಮಾತನ್ನು ಮುದ್ರಿಸಿಕೊಂಡರೆ ಈ ಎರಡು ಕಲಂಗಳೂ ಅನ್ವಯಿಸುವುದಿಲ್ಲ. ಕಾನೂನು ಮೈಯನ್ನು ಕಾಯುತ್ತದೆ, ಮಾತನ್ನು ಅಷ್ಟಾಗಿ ಅಲ್ಲ. ಬೆಂಗಳೂರಿನ ದೊಮ್ಮಲೂರಿನಲ್ಲಿ ಕಚೇರಿ ಹೊಂದಿದ್ದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ 2013ರಲ್ಲಿ ಖಾಸಗಿತನ ರಕ್ಷಣೆಗೆಂದು ನಾಗರಿಕರ ಪರವಾಗಿ ಒಂದು ಕರಡು ಮಸೂದೆ ಸಿದ್ಧಪಡಿಸಿತ್ತು; ಕಣ್ಗಾವಲೂ ಅದರ ವ್ಯಾಪ್ತಿಯಲ್ಲಿತ್ತು. ಸಂಸತ್ತು ಹತ್ತು ವರ್ಷಗಳ ನಂತರ ಅಂಗೀಕರಿಸಿದ್ದು ಬೇರೆಯೇ ಆದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ. ವ್ಯಕ್ತಿಯೊಬ್ಬ ಸ್ವಂತಕ್ಕೆ ಅಥವಾ ಮನೆಬಳಕೆಗೆ ಇಟ್ಟುಕೊಂಡ ದತ್ತಾಂಶವನ್ನು ಅದು ಹೊರಗಿಟ್ಟಿದೆ.

ಉಳಿದದ್ದು ನ್ಯಾಯಾಲಯಗಳ ಪಾಲು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದರು. ಆ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧದ್ದು. ಆದರೂ ಒಂದೇ ಮನೆಯಲ್ಲಿ ವಾಸಿಸುವ ಇತರರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಸಿಸಿಟಿವಿ ಹಾಕುವಂತಿಲ್ಲ ಎಂಬ ಕಲ್ಕತ್ತಾ ಹೈಕೋರ್ಟಿನ ಆದೇಶದ ವಿರುದ್ಧದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತಳ್ಳಿಹಾಕಿತು.

ಕದ್ದು ಮುದ್ರಿಸಿದ್ದು ಸಾಕ್ಷ್ಯವಾಗುತ್ತದೆಯೇ ಎಂಬುದು ಪ್ರತ್ಯೇಕ ಪ್ರಶ್ನೆ. ಸುಪ್ರೀಂ ಕೋರ್ಟಿನ 1972ರ ಮಲ್ಕಾನಿ ತೀರ್ಪಿನಿಂದಲೂ ಉತ್ತರ ಹೌದೆಂದೇ ಇದೆ. 2025ರ ಜುಲೈ 14ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಹೆಂಡತಿಗೆ ತಿಳಿಯದಂತೆ ಗಂಡ ಮುದ್ರಿಸಿದ ಸಂಭಾಷಣೆಯನ್ನು ವಿಚ್ಛೇದನ ಪ್ರಕರಣದಲ್ಲಿ ಪರಿಗಣಿಸಬಹುದೆಂದಿತು. ದಂಪತಿ ಒಬ್ಬರ ಮೇಲೊಬ್ಬರು ಗೂಢಚರ್ಯೆ ನಡೆಸುವ ಹಂತ ತಲುಪಿದ್ದರೆ ಅದೇ ಮುರಿದ ಸಂಬಂಧದ ಲಕ್ಷಣ ಎಂಬುದು ಪೀಠದ ಅಭಿಪ್ರಾಯ.