ಸಹಾಯಶ್ವಾನ ಶಿಕ್ಷಣ: ಆಘಾತೋತ್ತರ ಮನೋವ್ಯಾಧಿಯ ಸಂದರ್ಭದಲ್ಲಿ

ಯುದ್ಧ, ಅಪಘಾತ, ಪ್ರಕೃತಿವಿಕೋಪ, ವನ್ಯಮೃಗದ ಆಕ್ರಮಣ ಮೊದಲಾದ ಭೀಕರಾನುಭವಗಳನ್ನು ಹಾಯ್ದುಬಂದವರಲ್ಲಿ ಕೆಲವರಿಗೆ, ಅಪಾಯವು ಕಳೆದು ಬಹುಕಾಲವಾದ ಮೇಲೂ ದುಃಸ್ವಪ್ನಗಳೂ, ಸಣ್ಣ ಸದ್ದಿಗೂ ಬೆಚ್ಚಿಬೀಳುವಿಕೆಯೂ, ಆ ಗಳಿಗೆಯೇ ಕಣ್ಣೆದುರು ಮರುಕಳಿಸಿದಂತಹ ಅನುಭವವೂ ಬಿಡದೆ ಕಾಡುವುದುಂಟು. ಪಿಟಿಎಸ್‌ಡಿ ಎಂಬ ಹ್ರಸ್ವನಾಮದಿಂದ ಪ್ರಚಲಿತವಾಗಿರುವ ಈ ವ್ಯಾಧಿಗೆ ತುತ್ತಾದವರ ನಿತ್ಯಜೀವನಕ್ಕೆ ಊರೆಗೋಲಾಗುವಂತೆ ನಾಯಿಗಳನ್ನು ಪಳಗಿಸುವ ವಿದ್ಯೆಯೇ ಪ್ರಸ್ತುತ ವಿಷಯ. ಸಾಕಿದ ನಾಯಿ ಸಹಜವಾಗಿ ನೀಡುವ ಸಾಂತ್ವನವನ್ನು ಈ ವಿದ್ಯೆಯೊಡನೆ ಬೆರೆಸತಕ್ಕದ್ದಲ್ಲ. ಸಹಾಯಶ್ವಾನವೆನಿಸಬೇಕಾದರೆ ಅದು ಒಡೆಯನ ಬಾಧೆಗೆ ಹೊಂದುವ ನಿರ್ದಿಷ್ಟ ಕಾರ್ಯಗಳನ್ನು ಕಲಿತಿರಬೇಕು.

ಯೋಧನಿಗೂ ನಾಯಿಗೂ ಇರುವ ನಂಟು ಕನ್ನಡನಾಡಿಗೆ ಹೊಸದಲ್ಲ. ತಕ್ಕೋಲದ ಕದನದಲ್ಲಿ ಚೋಳ ರಾಜಾದಿತ್ಯನು ಮಡಿದ ಬಳಿಕ, ಗಂಗ ಬೂತುಗನು ತನ್ನ ವೀರನಾದ ಮಣಲೆರನಿಗೆ ಮೆಚ್ಚಿದ್ದನ್ನು ಬೇಡೆನಲು, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನೆಂದೂ, ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತುವೆಂದೂ, ಹತ್ತನೆಯ ಶತಮಾನದ ಮಧ್ಯಭಾಗದ ಆತಕೂರು ಶಾಸನವು ತಿಳಿಸುತ್ತದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿ ನಿಂತಿವೆ. ಯುದ್ಧದಿಂದ ಮರಳಿದವನು ನಾಯಿಯನ್ನೇ ಬೇಡಿದನೆಂಬುದರಲ್ಲಿ ಇಂದಿನ ವೈದ್ಯಶಾಸ್ತ್ರದ ಅರ್ಥವನ್ನು ಹುಡುಕುವುದು ಸಲ್ಲದು. ಅದು ಬೇಟೆಗಾರನ ಬಯಕೆ.

ವಿಧಿವತ್ತಾದ ಶಿಕ್ಷಣ ಮೊದಲಾದದ್ದು ಪ್ರಥಮ ಮಹಾಯುದ್ಧದ ಕಾಲದಲ್ಲಿ, ಅದೂ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ. 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್ ನಗರದಲ್ಲಿ ವೈದ್ಯ ಗೆರ್‌ಹಾರ್ಡ್ ಸ್ಟಾಲಿಂಗ್ ಮಾರ್ಗದರ್ಶಿ ನಾಯಿಗಳ ಶಾಲೆಯೊಂದನ್ನು ತೆರೆದನು. 1929ರಲ್ಲಿ ಅಮೆರಿಕದಲ್ಲಿ ‘ಸೀಯಿಂಗ್ ಐ’ ಸಂಸ್ಥೆ ಹುಟ್ಟಿತು. 1975ರಲ್ಲಿ ಬೊನಿಟಾ ಬರ್ಗಿನ್ ಅಂಗವಿಕಲರ ಕೈಕಾಲಿಗೆ ಬದಲಾಗಿ ದುಡಿಯುವ ನಾಯಿಗಳನ್ನು ಕ್ಯಾಲಿಫೋರ್ನಿಯದಲ್ಲಿ ಸಿದ್ಧಪಡಿಸತೊಡಗಿದಳು. ಮನಸ್ಸಿನ ಗಾಯ ಮಾತ್ರ ಈ ಪಂಕ್ತಿಯಿಂದ ಬಹುಕಾಲ ಹೊರಗೇ ಉಳಿಯಿತು. ವಿಯೆಟ್ನಾಂ ಯುದ್ಧದಿಂದ ಹಿಂದಿರುಗಿದವರ ಒತ್ತಾಯವೂ ಕಾರಣವಾಗಿ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಈ ವ್ಯಾಧಿಗೆ ಅಧಿಕೃತ ಸ್ಥಾನವಿತ್ತಿತು; ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳ ತರುವಾಯ ನಾಯಿಗಳ ಬೇಡಿಕೆ ಬೆಳೆಯಿತು.

ಶಿಕ್ಷಣ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ದುಃಸ್ವಪ್ನದಲ್ಲಿ ಹೊರಳಾಡುವವನನ್ನು ಮೂತಿಯಿಂದ ತಿವಿದು ಎಬ್ಬಿಸುವುದು, ಉಸಿರು ಕಟ್ಟಿ ಬೆವರುವವನ ತೊಡೆಯ ಮೇಲೆ ಮೈಭಾರವಿಟ್ಟು ಒರಗುವುದು, ಸಂತೆಯಲ್ಲಿ ಅವನ ಬೆನ್ನಿಗೆ ನಿಂತು ಜನರನ್ನು ತುಸು ದೂರವಿಡುವುದು, ಇವೇ ಪಾಠಗಳಲ್ಲಿ ಮುಖ್ಯವಾದವು. ಫಲವೆಷ್ಟೆಂಬ ಪ್ರಶ್ನೆಗೆ ಉತ್ತರವು ಪ್ರಚಾರಕರು ಸಾರುವಷ್ಟು ಸರಳವಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದವರು 141 ಮಾಜಿ ಸೈನಿಕರನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿ ಪಡೆದವರ ಬಾಧೆ ಸರದಿಯಲ್ಲಿ ಕಾಯುತ್ತಿದ್ದವರದಕ್ಕಿಂತ ಗಮನಾರ್ಹವಾಗಿ ಕಡಿಮೆಯಿತ್ತು. ಆದರೆ ಅಮೆರಿಕ ಸರ್ಕಾರದ ಮಾಜಿ ಸೈನಿಕರ ಇಲಾಖೆಯು 181 ಮಂದಿಗೆ ನಾಯಿಗಳನ್ನು ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ, ವಿಶೇಷ ಶಿಕ್ಷಣ ಪಡೆದ ನಾಯಿಗೂ ಕೇವಲ ಒಡನಾಡಿಯಾದ ನಾಯಿಗೂ ವ್ಯಾಧಿಲಕ್ಷಣಗಳ ಶಮನದಲ್ಲಿ ಅಲ್ಪ ಅಂತರವೂ, ನಿತ್ಯಕಾರ್ಯಗಳ ಸಾಮರ್ಥ್ಯದಲ್ಲಿ ಅಂತರವಿಲ್ಲದಿರುವುದೂ ಕಂಡುಬಂದಿತು.

ಕರ್ನಾಟಕದಲ್ಲಿ ಈ ವಿದ್ಯೆಯ ಅಂಗಗಳು ಬಿಡಿಬಿಡಿಯಾಗಿ ಬೆಳೆದಿವೆ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್, 2004ರ ಸುನಾಮಿಯೇ ಮೊದಲಾದ ವಿಪತ್ತುಗಳ ಸಂತ್ರಸ್ತರ ಮನಃಸ್ಥಿತಿಯನ್ನು ಬಲ್ಲುದು. ತರಳು ಗ್ರಾಮದಲ್ಲಿರುವ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಶ್ವಾನಶಾಲೆ ಶೋಧಕ್ಕೂ ಕಾವಲಿಗೂ ನಾಯಿಗಳನ್ನು ಪಳಗಿಸುತ್ತದೆ. ಮುಧೋಳದ ತಳಿ ಸೈನ್ಯದವರೆಗೂ ಹೋಗಿದೆ. ಹಾಸನ ಜಿಲ್ಲೆಯ ಸಕಲೇಶಪುರ ಹಾಗೂ ಆಲೂರು ಸೀಮೆಯ ಗುಡ್ಡಗಳಲ್ಲಾದರೋ, ಇಂತಹ ನೆರವಿಗೆ ಕಾರಣವಾಗಬಲ್ಲ ಭಯವು ಕಾಡಾನೆಯಿಂದ ಬಂದದ್ದು. ರಾಮನ್ ಸುಕುಮಾರ್ ಅಧ್ಯಕ್ಷತೆಯ ಆನೆ ಕಾರ್ಯಪಡೆಯು 2012ರಲ್ಲಿ ಈ ಸಮಸ್ಯೆಯನ್ನು ವಿಚಾರಿಸಿತು. 2023ರ ಆಗಸ್ಟ್‌ನಲ್ಲಿ ಆಲೂರು ತಾಲ್ಲೂಕಿನಲ್ಲಿ, ಅರಿವಳಿಕೆ ಮದ್ದು ಹೊಡೆಯುವುದರಲ್ಲಿ ಪಳಗಿದ ಅರಣ್ಯ ಇಲಾಖೆಯ ನೌಕರನೇ ಆನೆಗೆ ಬಲಿಯಾದನು. ಅದೇ ವರ್ಷದ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ, ದಸರೆಯ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನನು ಕಾಡಾನೆಯೊಡನೆ ಸೆಣಸಿ ಮಡಿದನು. ಇಂತಹುದನ್ನು ಕಣ್ಣಾರೆ ಕಂಡವನಿಗೂ, ಮಂಜು ಕವಿದ ಮುಂಜಾನೆ ಕಾಫಿಗಿಡಗಳ ನಡುವೆ ಒಂಟಿ ಸಲಗವನ್ನು ಎದುರಿಸಿ ಉಳಿದ ಕೂಲಿಯವಳಿಗೂ, ತೋಟದ ದಾರಿಯೇ ರಣಭೂಮಿಯಾಗುವುದು ಅಸಂಭವವಲ್ಲ.

ಪಾಶ್ಚಾತ್ಯ ಪಾಠಕ್ರಮವನ್ನು ಇಲ್ಲಿಗೆ ಹಾಗೆಯೇ ತರಲಾಗದು. ಅಲ್ಲಿಯ ರೋಗಿಯ ಅಂಜಿಕೆ ಜನಸಂದಣಿಯದು, ಇಲ್ಲಿಯದು ನಿರ್ಜನವಾದ ತೋಟದ ತಿರುವಿನದು. ಅದಕ್ಕಿಂತ ತೊಡಕಿನ ಸಂಗತಿಯೆಂದರೆ, ಆನೆಯನ್ನು ಕಂಡು ಬೊಗಳಿ ಕೆರಳಿಸಿ, ಅದು ಬೆನ್ನಟ್ಟಿದಾಗ ನೇರವಾಗಿ ಒಡೆಯನ ಬಳಿಗೇ ಓಡಿಬಂದು ಆಪತ್ತನ್ನು ಕರೆತರುವುದು ನಾಯಿಗಳ ಸ್ವಭಾವ. ಆದುದರಿಂದ ಮಲೆನಾಡಿನ ಸಹಾಯಶ್ವಾನಕ್ಕೆ ಮೊದಲು ಕಲಿಸಬೇಕಾದದ್ದು ಬಾಯಿ ಮುಚ್ಚಿ ಕಾಲಬಳಿ ನಿಲ್ಲುವುದನ್ನು. ದುಃಸ್ವಪ್ನದಿಂದ ಎಬ್ಬಿಸತಕ್ಕ ನಾಯಿಯಂತೂ ಮಂಚದ ಪಕ್ಕದಲ್ಲಿಯೇ ಮಲಗಬೇಕು. ನಾಯಿಯ ಜಾಗ ಜಗಲಿಯೆಂದು ನಂಬಿದ ಮನೆಗಳು ಇದಕ್ಕೆ ಸುಲಭವಾಗಿ ಒಪ್ಪಲಾರವಾದರೂ, ಹೊರಗೆ ಮಲಗಿದ ನಾಯಿಯನ್ನು ಚಿರತೆ ಹೊತ್ತೊಯ್ಯುವ ಊರುಗಳಲ್ಲಿ ಹಿರಿಯರನ್ನು ಒಪ್ಪಿಸಲು ಅದೊಂದು ವಾದವಾದರೂ ದೊರೆಯುತ್ತದೆ.