ಆಸ್ಪತ್ರೆಗೆ ದಾಖಲಾದ ಮಕ್ಕಳಲ್ಲಿ ರೈನೋವೈರಸ್ ಸೋಂಕು

ನೆಗಡಿಯನ್ನು ಉಂಟುಮಾಡುವ ವೈರಾಣುಗಳಲ್ಲಿ ರೈನೋವೈರಸ್ ಅತ್ಯಂತ ಸಾಮಾನ್ಯವಾದುದು. ಬಹುತೇಕ ಮಕ್ಕಳಲ್ಲಿ ಈ ಸೋಂಕು 7ರಿಂದ 10 ದಿನಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಆದರೆ ಎಳೆಯ ಶಿಶುಗಳು, ಅವಧಿಗೆ ಮುನ್ನ ಜನಿಸಿದವರು, ಆಸ್ತಮಾ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯುಳ್ಳವರು ಹಾಗೂ ರೋಗನಿರೋಧಕ ಶಕ್ತಿ ಕುಂದಿರುವ ಮಕ್ಕಳಲ್ಲಿ ಇದೇ ಸೋಂಕು ತೀವ್ರ ಸ್ವರೂಪ ತಾಳಬಹುದು. ಆದುದರಿಂದ ಮಕ್ಕಳ ವಾರ್ಡಿನಲ್ಲಿ ನೆಗಡಿಯನ್ನು ಅಲಕ್ಷಿಸುವುದು ಸರಿಯಲ್ಲ.

ವೈರಾಣುವಿನ ಸ್ವರೂಪ
ಈ ವೈರಾಣುವನ್ನು 1950ರ ದಶಕದಲ್ಲಿ ಮೊದಲಿಗೆ ಪ್ರತ್ಯೇಕಿಸಲಾಯಿತು. ಎ, ಬಿ, ಸಿ ಎಂಬ ಮೂರು ಪ್ರಭೇದಗಳಲ್ಲಿ 160ಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆಯಿಂದ ದೊರೆತ ರಕ್ಷಣೆ ಇತರ ಬಗೆಗಳಿಗೆ ಪೂರ್ಣವಾಗಿ ಅನ್ವಯಿಸುವುದಿಲ್ಲ. ಮಕ್ಕಳಿಗೆ ಪದೇ ಪದೇ ನೆಗಡಿಯಾಗುವುದಕ್ಕೂ ಲಸಿಕೆ ಲಭ್ಯವಿಲ್ಲದಿರುವುದಕ್ಕೂ ಇದು ಮುಖ್ಯ ಕಾರಣ. ಸಾಮಾನ್ಯ ಜೀವಕೋಶ ಕೃಷಿಯಲ್ಲಿ ಬೆಳೆಯದ ಸಿ ಪ್ರಭೇದವು 2006ರ ನಂತರ ಆಣ್ವಿಕ ಪರೀಕ್ಷೆಗಳಿಂದ ಬೆಳಕಿಗೆ ಬಂದಿತು. ಚಿಕ್ಕ ಮಕ್ಕಳಲ್ಲಿ ತೀವ್ರ ಉಬ್ಬಸಕ್ಕೂ ಇದಕ್ಕೂ ನಿಕಟ ಸಂಬಂಧವಿದೆ.

ಪರೀಕ್ಷೆ
ಮೂಗಿನ ಸ್ರಾವವನ್ನು ಪಿಸಿಆರ್ ವಿಧಾನದಿಂದ ಪರೀಕ್ಷಿಸಲಾಗುತ್ತದೆ. ಆದರೆ ಲಕ್ಷಣರಹಿತ ಮಕ್ಕಳಲ್ಲಿಯೂ ಈ ವೈರಾಣು ಕಂಡುಬರುತ್ತದೆ. ಗುಣಮುಖರಾದ ನಂತರವೂ ಕೆಲವು ವಾರ ಅದರ ಅಂಶ ಪತ್ತೆಯಾಗಬಹುದು. ಆದ್ದರಿಂದ ವರದಿಯಲ್ಲಿ ರೈನೋವೈರಸ್ ಕಂಡ ಮಾತ್ರಕ್ಕೆ ಅದೇ ಕಾಯಿಲೆಯ ಕಾರಣವೆಂದು ನಿರ್ಧರಿಸಲಾಗದು. ನ್ಯುಮೋನಿಯಾದಂತಹ ಇತರ ಕಾರಣಗಳನ್ನೂ ವೈದ್ಯರು ಪರಿಶೀಲಿಸಬೇಕಾಗುತ್ತದೆ.

ಚಿಕಿತ್ಸೆ
ಈ ಸೋಂಕಿಗೆ ನಿರ್ದಿಷ್ಟ ಔಷಧವಿಲ್ಲ. ಆಮ್ಲಜನಕ, ದ್ರವಾಹಾರ, ಮೂಗಿನ ಶುದ್ಧೀಕರಣ ಮುಂತಾದ ಪೋಷಕ ಚಿಕಿತ್ಸೆ ನೀಡಲಾಗುತ್ತದೆ. ಆಂಟಿಬಯಾಟಿಕ್‌ಗಳು ವೈರಾಣುವಿನ ಮೇಲೆ ಪರಿಣಾಮ ಬೀರುವುದಿಲ್ಲ. ಬ್ಯಾಕ್ಟೀರಿಯಾ ಸೋಂಕು ಸೇರಿಕೊಂಡಿರುವಾಗ ಮಾತ್ರ ಅವು ಅಗತ್ಯ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಮತ್ತು ನೆಗಡಿಯ ಔಷಧಗಳನ್ನು ನೀಡಬಾರದೆಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ.

ವಾರ್ಡಿನಲ್ಲಿ ಮುನ್ನೆಚ್ಚರಿಕೆ
ಸೋಂಕು ಕೈಗಳ ಮೂಲಕ, ಕೆಮ್ಮು ಹಾಗೂ ಸೀನಿನ ಹನಿಗಳ ಮೂಲಕ ಹರಡುತ್ತದೆ. ಆಟಿಕೆ, ಮಂಚದ ಸರಳು ಮುಂತಾದವುಗಳ ಮೇಲೆ ವೈರಾಣು ಹಲವು ಗಂಟೆಗಳ ಕಾಲ ಉಳಿಯಬಲ್ಲದು.
• ಮಗುವನ್ನು ಮುಟ್ಟುವ ಮೊದಲು ಹಾಗೂ ನಂತರ ಸಾಬೂನಿನಿಂದ ಕೈ ತೊಳೆಯಬೇಕು. ಕೊಬ್ಬಿನ ಹೊದಿಕೆಯಿಲ್ಲದ ಈ ವೈರಾಣುವಿನ ಮೇಲೆ ಮದ್ಯಸಾರದ ದ್ರಾವಣಗಳ ಪರಿಣಾಮ ಕಡಿಮೆ.
• ನೆಗಡಿಯಿರುವ ಬಂಧುಗಳು ವಾರ್ಡಿಗೆ ಬರಬಾರದು; ತಾಯಿಗೇ ನೆಗಡಿಯಿದ್ದರೆ ಮಾಸ್ಕ್ ಧರಿಸಿ ಎದೆಹಾಲು ಮುಂದುವರಿಸಬೇಕು.
• ಒಂದು ಮಗುವಿನ ಆಟಿಕೆ, ಲೋಟ ಮತ್ತು ಬಟ್ಟೆಗಳನ್ನು ಮತ್ತೊಂದು ಮಗುವಿಗೆ ಕೊಡಬಾರದು.

ಅಪಾಯದ ಚಿಹ್ನೆಗಳು
ನಿಮಿಷಕ್ಕೆ ಉಸಿರಾಟವು 2 ತಿಂಗಳೊಳಗಿನ ಶಿಶುವಿನಲ್ಲಿ 60, 2ರಿಂದ 12 ತಿಂಗಳೊಳಗೆ 50, 1ರಿಂದ 5 ವರ್ಷದೊಳಗೆ 40 ಅಥವಾ ಹೆಚ್ಚಾಗಿದ್ದಲ್ಲಿ ಅದು ವೇಗದ ಉಸಿರಾಟ. ಎದೆಯ ಕೆಳಭಾಗ ಒಳಸೆಳೆಯುವುದು, ತುಟಿ ನೀಲಿಗಟ್ಟುವುದು, ಹಾಲು ಕುಡಿಯಲಾಗದಿರುವುದು, ಅತಿಯಾದ ಮಂಪರು, ಉಸಿರು ನಿಂತುನಿಂತು ಬರುವುದು ಇವು ಗಂಭೀರ ಲಕ್ಷಣಗಳು. ಇವು ಕಂಡೊಡನೆ ವಾರ್ಡಿನಲ್ಲಿದ್ದರೆ ದಾದಿಯರಿಗೆ ತಿಳಿಸಬೇಕು. ಮನೆಗೆ ಮರಳಿದ ನಂತರವಾದರೆ ವಿಳಂಬ ಮಾಡದೆ ಮಗುವನ್ನು ಮತ್ತೆ ಆಸ್ಪತ್ರೆಗೆ ಕರೆತರಬೇಕು.